ಒಪ್ಪಿಗೆಯ ವಯಸ್ಸು ಮತ್ತು ಒಂದೇ ಸೂರು

ಲೈಂಗಿಕ ಸಂಬಂಧಕ್ಕೆ ಒಬ್ಬ ವ್ಯಕ್ತಿ ಕೊಟ್ಟ ಒಪ್ಪಿಗೆಯನ್ನು ಕಾನೂನು ಯಾವ ವಯಸ್ಸಿನಿಂದ ಮಾನ್ಯ ಮಾಡುತ್ತದೆಯೋ ಅದನ್ನು ಒಪ್ಪಿಗೆಯ ವಯಸ್ಸು ಎಂದು ಕರೆಯಲಾಗುತ್ತದೆ. ಭಾರತದಲ್ಲಿ ಇಂದು ಅದು 18 ವರ್ಷ. ಅದಕ್ಕಿಂತ ಕಿರಿಯಳಾದ ಹುಡುಗಿಯ ವಿಷಯದಲ್ಲಿ ‘ಅವಳೇ ಒಪ್ಪಿದ್ದಳು’ ಎಂಬ ವಾದ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಮದುವೆಯ ವಯಸ್ಸು ಇದರಿಂದ ಬೇರೆ, ಹೆಣ್ಣಿಗೆ 18, ಗಂಡಿಗೆ 21. ಅಪ್ರಾಪ್ತ ವಯಸ್ಸಿನವರ ವಾಸ, ಓದು, ಆಸ್ತಿಗಳ ಬಗ್ಗೆ ತೀರ್ಮಾನ ಮಾಡುವ ಅಧಿಕಾರ ಯಾರದೆಂದು ಹೇಳುವ ಪಾಲಕತ್ವದ ಕಾನೂನು ಮೂರನೆಯದು. ಈ ಮೂರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದವು. ಆದರೆ ಹದಿನಾರು ವರ್ಷದ ಹುಡುಗಿಯೊಬ್ಬಳು ಇಪ್ಪತ್ತೆಂಟು ವರ್ಷದ ಗಂಡಸಿನ ಮನೆಯಲ್ಲಿ ಬಾಳುತ್ತಿರುವಾಗ ಮೂರೂ ಒಟ್ಟಿಗೆ ಅವಳ ಮೇಲೆ ಬಂದು ಬೀಳುತ್ತವೆ. ಆಗ ಅವಳ ವಯಸ್ಸೆಷ್ಟು ಎಂದು ಕೇಳಿದರೆ ಮಾತ್ರ ಸಾಲದು. ಅವಳಿಗೂ ಆ ಗಂಡಸಿಗೂ ವಯಸ್ಸಿನ ಅಂತರವೆಷ್ಟು, ಅವಳು ಯಾರ ಸೂರಿನ ಕೆಳಗೆ, ಯಾರ ಅನ್ನ ಉಂಡು ಬದುಕುತ್ತಿದ್ದಾಳೆ ಎಂಬ ಎರಡು ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ. ಒಪ್ಪಿಗೆಯ ವಯಸ್ಸಿನ ಚರ್ಚೆ ನೂರಮೂವತ್ತು ವರ್ಷಗಳಿಂದ ಅಂಕಿಯ ಸುತ್ತಲೇ ತಿರುಗಿದೆ, ಈ ಎರಡು ಪ್ರಶ್ನೆಗಳನ್ನು ಬದಿಗೆ ಸರಿಸಿದೆ ಎಂಬುದು ಈ ಉಪನ್ಯಾಸದ ನಿಲುವು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಈ ಪ್ರಶ್ನೆಗಳಿಗೆ ನೆಲದ ಆಧಾರವಿದೆ. ತಿಪಟೂರು ಟಾಲ್ ಎಂದು ಹೆಸರಾದ ಇಲ್ಲಿನ ಎತ್ತರದ ತಳಿಯ ಸಸಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಒಮ್ಮೆ ಫಲಕ್ಕೆ ಬಂದರೆ ಎರಡು ಮೂರು ತಲೆಮಾರು ಅದರ ಕಾಯಿ ತಿನ್ನುತ್ತದೆ. ವರ್ಷವರ್ಷ ಬಿತ್ತಿ ಕೊಯ್ಯುವ ಹೊಲಕ್ಕಿಂತ ಇಂಥ ತೋಟ ಬೇರೆ ಬಗೆಯ ಆಸ್ತಿ: ಅದನ್ನು ಒಡೆಯಲು ಮನೆತನಗಳು ಹಿಂಜರಿಯುತ್ತವೆ, ನಂಟು ಹೊರಗೆ ಹೋದರೆ ತೋಟವೂ ಹೊರಗೆ ಹೋದೀತೆಂಬ ಅಳುಕು ಉಳಿದೇ ಇರುತ್ತದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಅಂದರೆ ಸೋದರಮಾವನೇ ಸೊಸೆಯನ್ನು ಮದುವೆಯಾಗುವುದು, ಹಳೆಯ ಮೈಸೂರಿನ ಹಲವು ಸಮುದಾಯಗಳಲ್ಲಿ ನಡೆದುಬಂದ ರೂಢಿ. 1955ರ ಹಿಂದೂ ವಿವಾಹ ಕಾಯ್ದೆ ಈ ಹತ್ತಿರದ ನಂಟನ್ನು ನಿಷೇಧಿಸಿದರೂ ರೂಢಿಯಿರುವಲ್ಲಿ ಅದಕ್ಕೆ ವಿನಾಯಿತಿ ಕೊಟ್ಟಿತು. ಹುಡುಗಿ ಮೈನೆರೆದಾಗ ತೆಂಗಿನ ಗರಿ, ಹಸಿರು ಸೊಪ್ಪು ತಂದು ಗುಡ್ಲು ಹಾಕುವವನು ಸೋದರಮಾವ. ಕೊಬ್ಬರಿ, ಬೆಲ್ಲ, ಚಿಗಳಿ ತಿನ್ನಿಸಿ ಆರತಿ ಎತ್ತುವ ಆ ಒಸಗೆಯಲ್ಲಿ ಮಗುವಿನ ಮೇಲಿನ ಅಕ್ಕರೆ ನಿಜವಾಗಿಯೂ ಇರುತ್ತದೆ. ಆದರೆ ಅದೇ ಮಾವ ವರನೂ ಆಗುವ ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಅಂತರ ಯಾರ ಕಣ್ಣಿಗೂ ಅಂತರವಾಗಿ ಕಾಣುವುದಿಲ್ಲ, ಹುಡುಗಿ ಅಜ್ಜಿಯ ಮನೆಯಲ್ಲಿ ಬೆಳೆಯಲು ಬಂದವಳು ಯಾವಾಗ ಆ ಮನೆಯ ಸೊಸೆಯಾದಳೆಂದು ನೆರೆಯವರಿಗೂ ತಿಳಿಯುವುದಿಲ್ಲ.

ತೋಟದ ಮನೆಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಊರ ನಡುವಿನ ಕೇರಿಯಲ್ಲಿ ಒಂದು ಮನೆಯ ಮಾತು ಇನ್ನೊಂದು ಮನೆಗೆ ಕೇಳಿಸುತ್ತದೆ. ತೋಟದ ಮನೆ ಹಾಗಲ್ಲ. ಅದು ಊರಿನಿಂದ ದೂರ, ಮರಗಳ ನಡುವೆ ಒಂಟಿಯಾಗಿರುತ್ತದೆ. ಕಾಯಿ ಕೀಳುವ, ಸುಲಿಯುವ, ಅಟ್ಟಕ್ಕೆ ಏರಿಸುವ ಕೆಲಸಕ್ಕೆ ಬೇರೆ ಕಡೆಯಿಂದ ಬಂದು ಇಂಥ ಮನೆಗಳಲ್ಲೇ ಉಳಿಯುವ ಕುಟುಂಬಗಳ ಹೆಣ್ಣುಮಕ್ಕಳಂತೂ ಶಾಲೆಯ ಹಾಜರಿ ಪುಸ್ತಕದಿಂದ ಜಾರಿಹೋದರೆ ಹುಡುಕುವವರು ಕಡಿಮೆ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ತಿಪಟೂರು ತಾಲ್ಲೂಕಿನ ಹಳ್ಳಿಯೊಂದನ್ನೇ ನೆಲೆಯಾಗಿಟ್ಟುಕೊಂಡ ಕಾದಂಬರಿ. ಚಿಕ್ಕ ವಯಸ್ಸಿನಲ್ಲಿ ಆ ಹಳ್ಳಿಯ ಮನೆಯೊಂದಕ್ಕೆ ಸೊಸೆಯಾಗಿ ಬರುವ ನಂಜಮ್ಮನ ಬದುಕನ್ನು ಓದಿದವರಿಗೆ ಗಂಡನ ಮನೆಯೆಂಬ ಸೂರು ಎಳೆಯ ಹೆಣ್ಣಿನ ಮೇಲೆ ಎಷ್ಟು ಭಾರ ಹಾಕಬಲ್ಲದೆಂದು ವಿವರಿಸಬೇಕಾಗಿಲ್ಲ.

ಕಾನೂನಿನ ಚರಿತ್ರೆ 1860ರ ಭಾರತೀಯ ದಂಡಸಂಹಿತೆಯಿಂದ ಆರಂಭವಾಗುತ್ತದೆ. ಅದು ಒಪ್ಪಿಗೆಯ ವಯಸ್ಸನ್ನು 10 ಎಂದು ಇರಿಸಿತು. ಹತ್ತು ತುಂಬದ ಹೆಂಡತಿಯೊಡನೆ ಗಂಡ ಕೂಡಿದರೂ ಅತ್ಯಾಚಾರವೇ ಎಂದಿತು. 1890ರಲ್ಲಿ ಕಲ್ಕತ್ತೆಯ ಫೂಲ್‌ಮಣಿ ದಾಸಿ ಎಂಬ ಬಾಲೆ, ತನಗಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ದೊಡ್ಡವನಾದ ಗಂಡ ಹರಿ ಮೋಹನ್ ಮೈತಿಯ ಕೃತ್ಯದಿಂದ ಗಾಯಗೊಂಡು ಸತ್ತಳು. ಅವಳಿಗೆ ಹತ್ತು ದಾಟಿತ್ತು. ಆದ್ದರಿಂದ ಅತ್ಯಾಚಾರದ ಆರೋಪ ನಿಲ್ಲಲಿಲ್ಲ, ಅಜಾಗರೂಕತೆಯಿಂದ ತೀವ್ರ ಗಾಯ ಮಾಡಿದ ಅಪರಾಧಕ್ಕೆ ಅವನಿಗೆ ಒಂದು ವರ್ಷದ ಕಠಿಣ ಶಿಕ್ಷೆಯಾಯಿತು. ಬೆಹ್ರಾಮ್‌ಜಿ ಮಲಬಾರಿ ಮೊದಲಾದವರು ಅದಾಗಲೇ ನಡೆಸುತ್ತಿದ್ದ ಆಂದೋಲನಕ್ಕೆ ಈ ಸಾವು ಕಸುವು ತಂದಿತು. 1891ರ ಮಾರ್ಚ್‌ನಲ್ಲಿ ಬಂದ ಒಪ್ಪಿಗೆಯ ವಯಸ್ಸಿನ ಕಾಯ್ದೆ ಮದುವೆಯ ಒಳಗೂ ಹೊರಗೂ ವಯಸ್ಸನ್ನು 12ಕ್ಕೆ ಏರಿಸಿತು. ಬಾಲಗಂಗಾಧರ ತಿಲಕರು ಅದನ್ನು ವಿರೋಧಿಸಿದರು. ಸುಧಾರಣೆ ಸಮಾಜದ ಒಳಗಿನಿಂದ ಬರಬೇಕು, ಪರಕೀಯ ಸರ್ಕಾರ ಹಿಂದೂಗಳ ಮನೆಯೊಳಗೆ ಕೈಹಾಕಬಾರದು ಎಂಬುದು ಅವರ ವಾದದ ತಿರುಳು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಕಾಯ್ದೆಯ ಪರವಾಗಿ ನಿಂತರು. ಆ ವಾಗ್ವಾದದ ಸಾವಿರಾರು ಪುಟಗಳಲ್ಲಿ ಶಾಸ್ತ್ರದ ಆಧಾರಗಳು ತುಂಬಿವೆ, ಸತ್ತ ಹುಡುಗಿಯ ನೋವಿಗೆ ಸಿಕ್ಕ ಜಾಗ ಬಹಳ ಕಡಿಮೆ.

ಮೈಸೂರು ಸಂಸ್ಥಾನ ಹಿಡಿದ ದಾರಿ ಬೇರೆ. ಹತ್ತನೆಯ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ ಶಿಶುವಿವಾಹ ತಡೆಯುವ ರೆಗ್ಯುಲೇಷನ್ ಜಾರಿಗೆ ಬಂತು; ಸಂಸ್ಥಾನದ ಕಾಯ್ದೆಯನ್ನು ಆಗ ರೆಗ್ಯುಲೇಷನ್ ಎನ್ನುತ್ತಿದ್ದರು. ಅದು ಎರಡು ಬಗೆಯ ಮದುವೆಗಳನ್ನು ನಿಷೇಧಿಸಿತು: 8 ವರ್ಷ ತುಂಬದ ಹೆಣ್ಣುಮಗುವಿನ ಮದುವೆ ಒಂದು, 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಕಟ್ಟಿಕೊಳ್ಳುವುದು ಇನ್ನೊಂದು. ತುಮಕೂರು ಜಿಲ್ಲೆ ಮೈಸೂರಿನ ಭಾಗವಾಗಿದ್ದುದರಿಂದ ಈ ಸೀಮೆಗೂ ಅದು ಅನ್ವಯಿಸಿತು. ಎಂಟು ವರ್ಷವೆಂಬ ಮಿತಿ ಇಂದಿನ ಕಣ್ಣಿಗೆ ತೀರ ಕೆಳಮಟ್ಟದ್ದು, ಅದನ್ನು ದೊಡ್ಡ ಸಾಧನೆಯೆಂದು ಹೊಗಳಬೇಕಾಗಿಲ್ಲ. ಆದರೆ ಎರಡನೆಯ ನಿಷೇಧದ ಮುಂದೆ ಇಂದಿನ ಶಾಸಕರೂ ನ್ಯಾಯಾಧೀಶರೂ ಸ್ವಲ್ಪ ಹೊತ್ತು ನಿಲ್ಲಬೇಕು. ಬ್ರಿಟಿಷ್ ಕಾಯ್ದೆ ಹುಡುಗಿಯ ವಯಸ್ಸನ್ನು ಮಾತ್ರ ಎಣಿಸಿದಾಗ ಮೈಸೂರಿನ ರೆಗ್ಯುಲೇಷನ್ ಗಂಡಸಿನ ವಯಸ್ಸನ್ನೂ ಲೆಕ್ಕಕ್ಕೆ ತಂದಿತು, ಇಬ್ಬರ ನಡುವಿನ ಅಂತರವನ್ನೇ ಅಪರಾಧದ ಅಂಶವಾಗಿ ಮಾಡಿತು. ಪರಕೀಯ ಸರ್ಕಾರವೆಂಬ ತಿಲಕರ ಆಕ್ಷೇಪಕ್ಕೆ ಇಲ್ಲಿ ಎಡೆಯೇ ಇರಲಿಲ್ಲ, ಏಕೆಂದರೆ ಕಾನೂನು ಮಾಡಿದ್ದು ಹಿಂದೂ ಅರಸರ ಸರ್ಕಾರ. ಕೊರತೆಯೂ ಅಷ್ಟೇ ಸ್ಪಷ್ಟವಾಗಿದೆ: ರೆಗ್ಯುಲೇಷನ್ ಮದುವೆಯ ದಿನವನ್ನು ನೋಡಿತೇ ಹೊರತು ಮದುವೆಯ ನಂತರ ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ದಿನವನ್ನು ನೋಡಲಿಲ್ಲ. ಒಂಬತ್ತು ವರ್ಷದವಳನ್ನು ಧಾರೆಯೆರೆದು ಕೊಟ್ಟರೆ ಅದರ ಪ್ರಕಾರ ತಪ್ಪೇ ಇರಲಿಲ್ಲ.

ಆಮೇಲಿನ ಅಂಕಿಗಳನ್ನು ಬೇಗ ಹೇಳಿ ಮುಗಿಸಬಹುದು. 1925ರಲ್ಲಿ ಒಪ್ಪಿಗೆಯ ವಯಸ್ಸು ಮದುವೆಯ ಹೊರಗೆ 14, ಒಳಗೆ 13 ಆಯಿತು. 1928ರಲ್ಲಿ ನೇಮಕಗೊಂಡ ಮೋರೋಪಂತ ಜೋಶಿ ಸಮಿತಿ ದೇಶವೆಲ್ಲ ಸುತ್ತಿ ಸಾಕ್ಷ್ಯ ಕಲೆಹಾಕಿತು. ಹರಬಿಲಾಸ್ ಸಾರ್ದಾ ಅವರ ಹೆಸರಿನಿಂದ ಶಾರದಾ ಕಾಯ್ದೆಯೆಂದು ಜನಬಳಕೆಯಾದ 1929ರ ಬಾಲ್ಯವಿವಾಹ ನಿರ್ಬಂಧಕ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಎಂದಿತು. ಮಾಡಿದವರನ್ನು ದಂಡಿಸಿತು, ನಡೆದ ಮದುವೆಯನ್ನು ಮಾತ್ರ ಮುಟ್ಟಲಿಲ್ಲ. 1949ರಲ್ಲಿ ಒಪ್ಪಿಗೆಯ ವಯಸ್ಸು 16ಕ್ಕೆ, ಹೆಂಡತಿಯಾದವಳಿಗೆ 15ಕ್ಕೆ ಏರಿತು. 1978ರಲ್ಲಿ ಮದುವೆಯ ವಯಸ್ಸು ಇಂದಿನ 18 ಮತ್ತು 21ಕ್ಕೆ ಬಂತು. ಪರಿಣಾಮವಾಗಿ ಹದಿನಾರರ ಹುಡುಗಿಯನ್ನು ಮದುವೆಯಾಗುವುದು ತಪ್ಪು, ಆದರೆ ಮದುವೆಯಾದ ಮೇಲೆ ಅವಳೊಡನೆ ಕೂಡುವುದು ತಪ್ಪಲ್ಲ ಎಂಬ ವಿಪರೀತ ಸ್ಥಿತಿ ನಾಲ್ಕು ದಶಕ ಉಳಿಯಿತು. ತಾಳಿ ಕಟ್ಟಿದ ಸೂರು ಅಪರಾಧವನ್ನೇ ಅಳಿಸುತ್ತಿತ್ತು.

2012ರ ನವೆಂಬರ್ 14ರಂದು ಜಾರಿಗೆ ಬಂದ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ಅಂದರೆ ಪೋಕ್ಸೊ, ಈ ತರ್ಕವನ್ನು ತಲೆಕೆಳಗು ಮಾಡಿತು. 18 ತುಂಬದ ಹುಡುಗ ಹುಡುಗಿ ಇಬ್ಬರೂ ಅದರ ಪ್ರಕಾರ ಮಕ್ಕಳು. ಅದರ 5ನೆಯ ಪ್ರಕರಣ ಕೆಲವು ಕೃತ್ಯಗಳನ್ನು ತೀವ್ರತರ ಅಪರಾಧಗಳೆಂದು ವಿಂಗಡಿಸುತ್ತದೆ, ಅಂದರೆ ಸನ್ನಿವೇಶದ ಕಾರಣದಿಂದ ಹೆಚ್ಚಿನ ಶಿಕ್ಷೆಗೆ ತಕ್ಕವೆಂದು ಎಣಿಸುತ್ತದೆ. ರಕ್ತದಿಂದ, ದತ್ತಕದಿಂದ, ಮದುವೆಯಿಂದ ಮಗುವಿಗೆ ನಂಟನಾದವನು, ಅವಳ ಪಾಲಕನು, ಮಗುವಿನೊಂದಿಗೆ ಒಂದೇ ಮನೆಯಲ್ಲಿ ವಾಸಿಸುವವನು ಎಸಗಿದ ಕೃತ್ಯ ಈ ಪಟ್ಟಿಯಲ್ಲಿದೆ. ಕೃತ್ಯದಿಂದ ಹುಡುಗಿ ಬಸಿರಾಗುವುದೂ ಇದೆ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ ಶಿಕ್ಷೆ 20 ವರ್ಷ. ಸಮಾಜ ಒಂದೇ ಸೂರಿನ ಬದುಕನ್ನು ಸಂಬಂಧಕ್ಕೆ ಸಿಕ್ಕ ಮಾನ್ಯತೆಯೆಂದು ಕಾಣುತ್ತದೆ, ಪೋಕ್ಸೊ ಅದನ್ನೇ ಅಪರಾಧವನ್ನು ಹೆಚ್ಚಿಸುವ ಸಂಗತಿಯೆಂದು ಕಾಣುತ್ತದೆ. ಪೋಕ್ಸೊ ಕಂಡದ್ದೇ ಸರಿ. ಯಾವ ಮನೆಯಲ್ಲಿ ಹುಡುಗಿಗೆ ಬೇಡವೆಂದು ಹೇಳಿ ಹೊರಟುಹೋಗಲು ಇನ್ನೊಂದು ಮನೆಯಿಲ್ಲವೋ, ಯಾವ ಗಂಡಸು ಬೇಡವೆಂದ ದಿನ ಅವಳ ಊಟ, ಬಟ್ಟೆ, ಮಲಗುವ ಜಾಗ ಎಲ್ಲವೂ ಇಲ್ಲವಾಗುತ್ತವೋ, ಅಲ್ಲಿ ಅವಳ ಒಪ್ಪಿಗೆಯನ್ನು ಹೃದಯದ ಮಾತೆಂದು ತಿಳಿಯುವುದು ಹಿರಿಯರ ಅನುಕೂಲಕ್ಕೆ ಹುಟ್ಟಿದ ಕಲ್ಪನೆ.

ಆದರೂ ಕಾನೂನಿನ ಒಳಗೇ ವಿರೋಧ ಉಳಿದಿತ್ತು. 2013ರಲ್ಲಿ ದಂಡಸಂಹಿತೆಯ ಒಪ್ಪಿಗೆಯ ವಯಸ್ಸು 18ಕ್ಕೆ ಏರಿದರೂ ಹದಿನೈದು ತುಂಬಿದ ಹೆಂಡತಿಯ ವಿನಾಯಿತಿ ಹಾಗೆಯೇ ಇತ್ತು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಮದುವೆಯಾದ ಅಪ್ರಾಪ್ತ ಹುಡುಗಿಗೆ ಗಂಡನನ್ನೇ ಸಹಜ ಪಾಲಕನೆಂದು ಕರೆಯಿತು, ಅಂದರೆ ಯಾರಿಂದ ರಕ್ಷಣೆ ಬೇಕೋ ಅವನ ಕೈಗೇ ರಕ್ಷಣೆಯ ಅಧಿಕಾರ ಕೊಟ್ಟಿತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇಂಥ ಮದುವೆಯನ್ನು ರದ್ದುಗೊಳಿಸಬಹುದಾದದ್ದು ಎಂದಷ್ಟೇ ಹೇಳಿತು. ಮಗುವಾಗಿದ್ದವರು ತಾವೇ ಅರ್ಜಿ ಹಾಕಿದರೆ ರದ್ದು, ಇಲ್ಲದಿದ್ದರೆ ಸಿಂಧು. ಅತ್ತೆಯ ಮನೆಯಲ್ಲಿರುವ ಹದಿನಾರರ ಹುಡುಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಿಯಾಳೆಂಬ ನಿರೀಕ್ಷೆಯ ಮೇಲೆ ಕಟ್ಟಿದ ರಕ್ಷಣೆ ಅದು.

ಇಲ್ಲಿ ಕರ್ನಾಟಕ ಇಟ್ಟ ಹೆಜ್ಜೆ ಗೌರವದಿಂದ ನೆನೆಯಬೇಕಾದದ್ದು. ರಾಜ್ಯದ ಉಚ್ಚ ನ್ಯಾಯಾಲಯದಲ್ಲಿ ನಡೆದ ಮೊಕದ್ದಮೆಯ ಫಲವಾಗಿ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ಅಧ್ಯಕ್ಷತೆಯಲ್ಲಿ ರಚನೆಯಾದ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ರಾಷ್ಟ್ರಪತಿಗಳ ಅಂಕಿತದೊಂದಿಗೆ 2017ರಲ್ಲಿ ಬಂದ ರಾಜ್ಯದ ತಿದ್ದುಪಡಿ, ಅಲ್ಲಿಂದ ಮುಂದೆ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಸಾರಿತು; ಹುಡುಗಿ ಅರ್ಜಿ ಹಾಕಬೇಕಾಗಿಲ್ಲ, ಮದುವೆಯೇ ಆಗಿಲ್ಲವೆಂದು ಕಾನೂನು ತಿಳಿಯುತ್ತದೆ. ಅದೇ ವರ್ಷದ ಅಕ್ಟೋಬರ್ 11ರಂದು ಇಂಡಿಪೆಂಡೆಂಟ್ ಥಾಟ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತಾ ಹೆಂಡತಿಯ ವಿನಾಯಿತಿಯ ವಯಸ್ಸನ್ನು 18ಕ್ಕೆ ಏರಿಸಿ ಓದಿದರು, ಕರ್ನಾಟಕದ ಮಾದರಿಯನ್ನು ಮೆಚ್ಚಿ ಉಲ್ಲೇಖಿಸಿದರು. ದಂಡಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಅದನ್ನೇ ಅಂಗೀಕರಿಸಿದೆ. ಆದರೆ ಕಾಗದದ ಮೇಲಿನ ಈ ಗೆಲುವು ಮನೆಗಳೊಳಗೆ ಇಳಿದಿಲ್ಲ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು 2015-16ರಲ್ಲಿ ಶೇ. 21.4, 2019-21ರಲ್ಲಿ ಶೇ. 21.3. ದೇಶದ ಪ್ರಮಾಣ ಇದೇ ಅವಧಿಯಲ್ಲಿ ಶೇ. 26.8ರಿಂದ 23.3ಕ್ಕೆ ಇಳಿದಿದೆ.

ಹಾಗಾದರೆ ಕಾನೂನು ಹುಡುಗಿಯನ್ನು ಎಲ್ಲಿ ಭೇಟಿಯಾಗುತ್ತದೆ? ಬಹುಪಾಲು ಹೆರಿಗೆ ವಾರ್ಡಿನಲ್ಲಿ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸುವಾಗಲೋ, ತಾಲ್ಲೂಕು ಆಸ್ಪತ್ರೆಯಲ್ಲಿ ಆಧಾರ್ ನೋಡುವಾಗಲೋ ಹುಟ್ಟಿದ ದಿನಾಂಕ ಬಯಲಿಗೆ ಬರುತ್ತದೆ. ಪೋಕ್ಸೊ ಕಾಯ್ದೆಯ 19ನೆಯ ಪ್ರಕರಣದಂತೆ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ಹೇಳಲೇಬೇಕು, ಹೇಳದಿದ್ದರೆ ಅವರೇ ಶಿಕ್ಷೆಗೆ ಗುರಿ. ವೈದ್ಯರು ಹೇಳುತ್ತಾರೆ, ಗಂಡನೆನಿಸಿಕೊಂಡವನು ಜೈಲಿಗೆ ಹೋಗುತ್ತಾನೆ, ಬಾಣಂತಿ ಹುಡುಗಿ ತಿಪಟೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ತುಮಕೂರಿಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, ನ್ಯಾಯಾಲಯದ ಮುಂದೆ ಕೂಸಿನೊಂದಿಗೆ ಅಲೆಯುತ್ತಾಳೆ. ಇದನ್ನು ಅರಿತ ಕುಟುಂಬಗಳು ಮುಂದಿನ ಸಲ ಹೆರಿಗೆಯನ್ನೇ ಬಚ್ಚಿಡುತ್ತವೆ. ಮದುವೆಯ ದಿನ ಊಟ ಮಾಡಿ ಬಂದ ಊರಿನವರಲ್ಲಿ ಒಬ್ಬರೂ ದೂರು ಕೊಡದೆ, ಆ ಹೊರೆಯೆಲ್ಲ ಕೊನೆಗೆ ಹೆರಿಗೆಯ ಡಾಕ್ಟರಮ್ಮನ ಮೇಲೆ ಬೀಳುವುದು ಊರಿಗೆ ಶೋಭೆ ತರುವ ಮಾತಲ್ಲ.

ಕಾನೂನಿನ ಈ ತಡವಾದ ಭೇಟಿಯ ಅತ್ಯಂತ ಕಠಿಣ ಉದಾಹರಣೆ ಪಶ್ಚಿಮ ಬಂಗಾಳದ ಮೊಕದ್ದಮೆಯೊಂದರಲ್ಲಿದೆ. 14 ವರ್ಷದ ಹುಡುಗಿ 25 ವರ್ಷದವನೊಡನೆ ಮನೆ ಬಿಟ್ಟು ಹೋಗಿ ಬಾಳತೊಡಗಿದಳು, ಅವಳಿಗೊಂದು ಮಗುವಾಯಿತು. ವಿಚಾರಣಾ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು. 2023ರಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು, ಜೊತೆಗೆ ಹದಿಹರೆಯದ ಹುಡುಗಿಯರು ತಮ್ಮ ಬಯಕೆಯನ್ನು ಹತೋಟಿಯಲ್ಲಿಡಬೇಕೆಂಬ ಉಪದೇಶವನ್ನೂ ಮಾಡಿತು. 2024ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಅಭಯ ಓಕಾ ಮತ್ತು ಉಜ್ಜಲ್ ಭುಯಾನ್ ಆ ತೀರ್ಪನ್ನು ತೆಗೆದುಹಾಕಿ ಅಪರಾಧ ನಿರ್ಣಯವನ್ನು ಮರುಸ್ಥಾಪಿಸಿದರು; 2025ರ ಮೇ 23ರಂದು, ಹುಡುಗಿಯ ಸ್ಥಿತಿಯನ್ನು ತಜ್ಞರ ಸಮಿತಿಯಿಂದ ತಿಳಿದ ಮೇಲೆ, ಸಂವಿಧಾನದ 142ನೆಯ ವಿಧಿಯ ವಿಶೇಷಾಧಿಕಾರ ಬಳಸಿ ಅವನಿಗೆ ಶಿಕ್ಷೆ ವಿಧಿಸದೆ ಬಿಟ್ಟರು, ಇದು ಮುಂದಿನವರಿಗೆ ಮೇಲ್ಪಂಕ್ತಿಯಾಗಬಾರದೆಂದರು. ತವರು ಅವಳನ್ನು ಕೈಬಿಟ್ಟಿತ್ತು, ರಾಜ್ಯ ಸಕಾಲದಲ್ಲಿ ಆಸರೆ ಕೊಡಲಿಲ್ಲ. ಉಳಿದ ಒಂದೇ ಸೂರು ಅಪರಾಧಿಯದಾಗಿತ್ತು. ಅವಳು ಅವನಿಗಾಗಿ ಹೋರಾಡಿದ್ದನ್ನು ಪ್ರೇಮದ ಗೆಲುವೆಂದು ಬಣ್ಣಿಸುವವರು ಈ ಒಂದು ಸಂಗತಿಯನ್ನು ಮರೆಯಬಾರದು.

ಇದರ ಎದುರಿಗೆ ಇನ್ನೊಂದು ಬಗೆಯ ಪ್ರಕರಣಗಳಿವೆ, ಅವನ್ನು ಇದರೊಂದಿಗೆ ಬೆರೆಸುವುದು ಅನ್ಯಾಯ. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ, ಒಂದೇ ಕಾಲೇಜು; ಜಾತಿ ಬೇರೆಯಾದ್ದರಿಂದ ಮನೆಯವರು ಕೊಟ್ಟ ದೂರು. 1964ರಲ್ಲಿ ವರದರಾಜನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಪ್ರಾಪ್ತ ವಯಸ್ಸಿನ ಹೊಸ್ತಿಲಲ್ಲಿದ್ದ ಹುಡುಗಿ ತಾನಾಗಿ ಮನೆ ಬಿಟ್ಟು ಬಂದರೆ ಅವಳನ್ನು ಜೊತೆಗಿರಗೊಟ್ಟವನು ಅಪಹರಣಕಾರನಲ್ಲ ಎಂದಿತ್ತು. ಆಗ ಒಪ್ಪಿಗೆಯ ವಯಸ್ಸು 16 ಇದ್ದುದರಿಂದ ಆ ವಿವೇಚನೆಗೆ ಎಡೆಯಿತ್ತು. 2012ರ ನಂತರ ಆ ಕಿಂಡಿ ಮುಚ್ಚಿತು. 2022ರ ನವೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠ, 16 ದಾಟಿದವರ ವಿಷಯದಲ್ಲಿ ಈ ಮಿತಿಯನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗವನ್ನು ಕೇಳಿತು, ಒಂಬತ್ತನೆಯ ತರಗತಿಯಿಂದಲೇ ಪೋಕ್ಸೊ ಕುರಿತು ಮಕ್ಕಳಿಗೆ ತಿಳಿಸಲು ಶಿಕ್ಷಣ ಇಲಾಖೆಗೆ ನಿರ್ದೇಶನ ಕೊಟ್ಟಿತು. ಕರ್ನಾಟಕದಲ್ಲೇ ಮುಖ್ಯ ನ್ಯಾಯಮೂರ್ತಿಯಾಗಿದ್ದ ಋತುರಾಜ್ ಅವಸ್ಥಿ ಅವರ ಅಧ್ಯಕ್ಷತೆಯ ಆಯೋಗ 2023ರ ಸೆಪ್ಟೆಂಬರ್‌ನ 283ನೆಯ ವರದಿಯಲ್ಲಿ ವಯಸ್ಸನ್ನು ಇಳಿಸಬಾರದೆಂದು ಹೇಳಿ, 16ರಿಂದ 18ರ ನಡುವಿನವರ ಮೌನಸಮ್ಮತಿಯ ಪ್ರಕರಣಗಳಲ್ಲಿ ಶಿಕ್ಷೆಯ ಪ್ರಮಾಣವನ್ನು ನ್ಯಾಯಾಧೀಶರ ವಿವೇಚನೆಗೆ ಬಿಡಬಹುದೆಂದಿತು.

ಆಯೋಗ ಇಳಿಕೆಯನ್ನು ಒಪ್ಪದಿದ್ದದ್ದು ಸರಿ, ಅದು ಸೂಚಿಸಿದ ಪರಿಹಾರ ಮಾತ್ರ ಅರೆಬರೆ. ಒಪ್ಪಿಗೆಯ ವಯಸ್ಸನ್ನು ಸಾರಾಸಗಟಾಗಿ 16ಕ್ಕೆ ತಂದರೆ ಮೊದಲ ಲಾಭ ಹತ್ತೊಂಬತ್ತರ ಹುಡುಗನಿಗಲ್ಲ, ಸೊಸೆಯನ್ನು ತಂದುಕೊಳ್ಳುವ ಮೂವತ್ತರ ಮಾವನಿಗೆ, ತೋಟದ ಮನೆಯಲ್ಲಿ ಆಳಿನ ಮಗಳನ್ನು ಇರಿಸಿಕೊಳ್ಳುವ ಯಜಮಾನನಿಗೆ. ಕೆನಡಾ 2008ರಲ್ಲಿ ತನ್ನ ಮಿತಿಯನ್ನು 14ರಿಂದ 16ಕ್ಕೆ ಏರಿಸಿದಾಗಲೂ ಹದಿನಾಲ್ಕು ಹದಿನೈದರವರಿಗೆ ಐದು ವರ್ಷಕ್ಕಿಂತ ಕಡಿಮೆ ಅಂತರದ ಜೊತೆಗಾರರ ವಿಷಯದಲ್ಲಿ ವಿನಾಯಿತಿ ಇರಿಸಿತು. ಅಧಿಕಾರದ, ನಂಬಿಕೆಯ ಅಥವಾ ಅವಲಂಬನೆಯ ಸಂಬಂಧವಿದ್ದರೆ ಆ ವಿನಾಯಿತಿಯೂ ಇಲ್ಲ. ಭಾರತಕ್ಕೂ ಬೇಕಾದದ್ದು ಇಂಥದ್ದು: ಮಿತಿ 18ರಲ್ಲೇ ಇರಲಿ, ಹದಿನಾರು ದಾಟಿದವರಿಗೂ ಎರಡು ಮೂರು ವರ್ಷಕ್ಕಿಂತ ಹೆಚ್ಚು ದೊಡ್ಡವರಲ್ಲದ ಜೊತೆಗಾರರಿಗೂ ನಡುವೆ ಬಲವಂತವಿಲ್ಲದಿದ್ದರೆ ಜೈಲು ಬೇಡ, ನಂಟು, ಪಾಲಕತ್ವ, ಅನ್ನದ ಋಣ, ಒಂದೇ ಸೂರು ಇವುಗಳಲ್ಲಿ ಒಂದಿದ್ದರೂ ವಿನಾಯಿತಿ ಬೇಡ. 1894ರ ಮೈಸೂರು ಗಂಡಸಿನ ವಯಸ್ಸನ್ನು ಕೇಳಿದ ಪ್ರಶ್ನೆಯನ್ನು ದೇಶದ ಸಂಸತ್ತು ಇಂದು ಕೇಳಿದರೆ ಸಾಕು.

ಅಲ್ಲಿಯವರೆಗೆ ಊರು ಮಾಡಬಹುದಾದದ್ದು ಬಹಳವಿದೆ. ಶಿಕ್ಷಣದ ಹಕ್ಕಿನ ಕಾಯ್ದೆ 14ಕ್ಕೆ ನಿಲ್ಲುತ್ತದೆ, ದೇಹದ ರಕ್ಷಣೆ 18ರವರೆಗೆ ಹೋಗುತ್ತದೆ. ನಡುವಿನ ನಾಲ್ಕು ವರ್ಷ ಹುಡುಗಿಯನ್ನು ಕಾಯುವುದು ಹೈಸ್ಕೂಲು, ಹಾಸ್ಟೆಲು, ಪಿಯು ಕಾಲೇಜು. ಹುಳಿಯಾರು, ನೊಣವಿನಕೆರೆ, ಮಾಯಸಂದ್ರದಂಥ ಹೋಬಳಿಗಳ ಹಿರಿಯರು, ಮಠಗಳು, ಸಹಕಾರ ಸಂಘಗಳು ಹೆಣ್ಣುಮಕ್ಕಳ ಹಾಸ್ಟೆಲಿನ ಒಂದೊಂದು ಕೋಣೆಗೆ ಕೊಡುವ ಹಣ ಯಾವ ದೇವಸ್ಥಾನದ ಗೋಪುರಕ್ಕೆ ಕೊಟ್ಟ ಹಣಕ್ಕಿಂತಲೂ ಕಡಿಮೆಯದಲ್ಲ. ಹತ್ತನೆಯ ತರಗತಿಯಿಂದ ಹೆಣ್ಣುಮಗುವೊಂದು ಕಾಣೆಯಾದರೆ ಮುಖ್ಯೋಪಾಧ್ಯಾಯರು ಅದೇ ವಾರ ಮನೆಗೆ ಹೋಗಿ ಕೇಳಬೇಕು. ಲಗ್ನಪತ್ರಿಕೆ ಅಚ್ಚು ಹಾಕುವವರು, ಛತ್ರದವರು, ಪುರೋಹಿತರು ವಯಸ್ಸಿನ ದಾಖಲೆ ನೋಡದೆ ಮುಂದುವರಿಯಬಾರದು, ಏಕೆಂದರೆ ಬಾಲ್ಯವಿವಾಹ ನಡೆಸಿಕೊಟ್ಟವರೂ ಕಾನೂನಿನ ಕಣ್ಣಿನಲ್ಲಿ ಅಪರಾಧಿಗಳೇ. ತೋಟದ ಮನೆಯಲ್ಲಾಗಲಿ, ನಂಟರ ಮನೆಯಲ್ಲಾಗಲಿ, ಹದಿನೆಂಟು ತುಂಬದ ಹುಡುಗಿ ವಯಸ್ಕನೊಬ್ಬನ ಹೆಂಡತಿಯಂತೆ ಬಾಳುತ್ತಿರುವುದು ಕಂಡವರು ಪಂಚಾಯಿತಿಯ ಪಿಡಿಓಗೋ, ಅಂಗನವಾಡಿ ಕಾರ್ಯಕರ್ತೆಗೋ ತಿಳಿಸಬೇಕು, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಆ ಕರೆಗೆ ಹಣ ಬೇಕಾಗಿಲ್ಲ, ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಅದನ್ನು ಮಾಡಬಹುದು.